ಹುಳ ಮುಟ್ಟದ ಅಂಟು

ತಾವರಗೇರಾದಲ್ಲಿ ಇವತ್ತಿಗೂ ಹುಲಗಮ್ಮನ ಹೆಸರೆತ್ತಿದರೆ ಮುದುಕಿಯರು ನೆಲಕ್ಕೆ ಉಗಿಯುತ್ತಾರೆ. ಮನೆಯಲ್ಲಿ ಬಸುರಿಯಿದ್ದರೆ ಅವಳನ್ನು ಒಳಗೆ ಕಳಿಸಿ ಆಮೇಲೆ ಮಾತು ಶುರುಮಾಡುತ್ತಾರೆ. ಮಕ್ಕಳಿಲ್ಲದ ಹೊಟ್ಟೆಕಿಚ್ಚಿಗೆ ಬಾಣಂತಿ ನೆಗೆಣ್ಣಿಗೆ ವಿಷ ಹಾಕಿದವಳು ಎಂದು ಊರು ಎಂದೋ ತೀರ್ಪು ಕೊಟ್ಟು ಕೈತೊಳೆದುಕೊಂಡಿದೆ. ಆ ಬಾಣಂತಿ ತಿಂದ ಉಂಡೆ ಕಟ್ಟಿದ್ದು ಅವಳೇ, ಅದು ಸುಳ್ಳಲ್ಲ. ಆದರೆ ಅದರೊಳಗಿದ್ದ ವಿಷ ಅವಳದಲ್ಲ. ಅದು ಯಾರದು, ಉಂಡೆಯೊಳಕ್ಕೆ ಹೇಗೆ ಬಂತು ಎನ್ನುವುದನ್ನು ಕೂತು ಕೇಳುವ ತಾಳ್ಮೆ ಮಾತ್ರ ಆ ಊರಿನಲ್ಲಿ ಯಾರಿಗೂ ಇರಲಿಲ್ಲ.

ಹುಲಗಮ್ಮ ಹುಟ್ಟಿದ್ದು ಹನುಮಸಾಗರದಲ್ಲಿ. ತಂದೆಗೆ ಒಂದಿಷ್ಟು ಕುರಿ, ಮಳೆ ಬಂದರೆ ಸಜ್ಜೆ ಬೆಳೆಯುವ ಒಂದು ತುಂಡು ಮಸಾರಿ ಹೊಲ. ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ಅವಳನ್ನು ತಾವರಗೇರಾದ ಕುಬೇರಪ್ಪನಿಗೆ ಕೊಟ್ಟರು. ಹುಡುಗ ಹೊಲದಲ್ಲಿ ಬಗ್ಗುವವನಲ್ಲ, ಹುಬ್ಬಳ್ಳಿಯಲ್ಲಿ ಬಣ್ಣದ ಕೆಲಸ ಕಲಿತು ಬಂದಿದ್ದಾನೆ ಎಂದು ಬೀಗರು ಹೆಮ್ಮೆಯಿಂದ ಹೇಳಿದ್ದರು. ಬಣ್ಣದ ಕೆಲಸ ಎಂದರೆ ಗೋಡೆಗೆ ಸುಣ್ಣ ಬಳಿಯುವುದು ಎಂದು ಹುಲಗಮ್ಮ ತಿಳಿದಿದ್ದಳು. ಗಂಗಾವತಿಗೆ ಹೋಗಿ ನೋಡಿದ ಮೇಲೆಯೇ ಅದು ಬೇರೆ ಲೋಕ ಎಂದು ಗೊತ್ತಾಗಿದ್ದು.

ಗಂಗಾವತಿಗೆ ಆಗಲೇ ಕಾಲುವೆ ನೀರು ಬಂದಿತ್ತು. ಕಣ್ಣು ಹಾಯಿಸಿದಷ್ಟು ಭತ್ತ. ಭತ್ತದ ಹಿಂದೆ ಅಕ್ಕಿ ಗಿರಣಿಗಳು. ಪ್ರತಿ ಗಿರಣಿಯವನಿಗೂ ತನ್ನ ಚೀಲದ ಮೇಲೆ ತನ್ನದೇ ಗುರುತು ಬೇಕು. ಒಬ್ಬನಿಗೆ ಗಿಳಿ, ಒಬ್ಬನಿಗೆ ಆನೆ, ಇನ್ನೊಬ್ಬನಿಗೆ ಕಮಲದ ಮೇಲೆ ಕೂತ ಲಕ್ಷ್ಮಿ. ಕುಬೇರಪ್ಪ ಗಿರಣಿಗಳ ರಸ್ತೆಯ ಹಿಂದೆ ತಗಡಿನ ಮಾಡಿನ ಎರಡು ಕೋಣೆ ಹಿಡಿದು, ಬಟ್ಟೆ ಚೀಲಗಳ ಮೇಲೆ ಈ ಗುರುತುಗಳನ್ನು ಅಚ್ಚು ಹಾಕುವ ಕೆಲಸ ತೆರೆದ. ಮುಂದಿನ ಕೋಣೆ ಪ್ರೆಸ್ಸು, ಹಿಂದಿನದು ಸಂಸಾರ.

ಆ ಅಚ್ಚಿನ ವಿದ್ಯೆ ಹುಲಗಮ್ಮನಿಗೆ ಮೊದಮೊದಲು ಮಾಟದಂತೆ ಕಂಡಿತ್ತು. ಮರದ ಚೌಕಟ್ಟಿಗೆ ತೆಳ್ಳನೆ ಬಟ್ಟೆ ಬಿಗಿದು, ಕತ್ತಲಲ್ಲಿ ಅದಕ್ಕೆ ಅಂಟು ಸವರುತ್ತಾರೆ. ಅಂಟಿಗೆ ಕಿತ್ತಳೆ ಬಣ್ಣದ ಒಂದು ಉಪ್ಪು ಬೆರೆಸಿರುತ್ತಾರೆ. ಒಣಗಿದ ಮೇಲೆ ಅದರ ಮೇಲೆ ಕಪ್ಪು ಮಸಿಯಲ್ಲಿ ಬರೆದ ಗಿಳಿಯ ಚಿತ್ರವಿಟ್ಟು, ಗಾಜು ಒತ್ತಿ, ಬಿಸಿಲಿಗೆ ಹಿಡಿಯುತ್ತಾರೆ. ಬಿಸಿಲು ಬಿದ್ದ ಕಡೆ ಅಂಟು ಗಟ್ಟಿಯಾಗಿ ಕೂತುಬಿಡುತ್ತದೆ, ಎಷ್ಟು ನೀರು ಹಾಕಿದರೂ ಕರಗುವುದಿಲ್ಲ. ಮಸಿಯ ನೆರಳಿನಲ್ಲಿ ಉಳಿದ ಅಂಟು ಮೆತ್ತಗಿದ್ದು, ಒಂದು ತಂಬಿಗೆ ನೀರಿಗೆ ತೊಳೆದುಹೋಗುತ್ತದೆ. ಹಾಗೆ ತೊಳೆದುಹೋದ ಜಾಗವೇ ಗಿಳಿ. ಅಲ್ಲಿಂದ ಬಣ್ಣ ಇಳಿದು ಚೀಲದ ಮೇಲೆ ಕೂರುತ್ತದೆ.

ಬಿಸಿಲು ಹಿಡಿಯುವುದು ಹುಲಗಮ್ಮನ ಪಾಲಿಗೆ ಬಂತು. ಹೆಚ್ಚು ಹಿಡಿದರೆ ಗಿಳಿಯ ಕಣ್ಣು ಮುಚ್ಚಿಹೋಗುತ್ತದೆ, ಕಡಿಮೆ ಹಿಡಿದರೆ ಗಿಳಿಯೇ ಕೊಚ್ಚಿಹೋಗುತ್ತದೆ. ತೊಳೆಯುವುದೂ ಅವಳದೇ ಕೆಲಸ. ಆ ಕಿತ್ತಳೆ ಉಪ್ಪು ಬೆರಳ ಸಂದುಗಳನ್ನು ತಿಂದು, ಉಗುರಿನ ಪಕ್ಕ ಸಣ್ಣ ಸಣ್ಣ ತೂತಿನಂತಹ ಹುಣ್ಣು ಮಾಡಿತು. ರೊಟ್ಟಿ ಬಡಿಯುವಾಗ ಹಿಟ್ಟಿನ ಬಿಸಿ ತಾಗಿದರೆ ಪ್ರಾಣ ಹೋಗುತ್ತಿತ್ತು. ಕುಬೇರಪ್ಪ ತುಪ್ಪ ಹಚ್ಚಿಕೋ ಎಂದ. ತುಪ್ಪ ಹಚ್ಚಿಕೊಂಡು ಮತ್ತೆ ತೊಳೆದಳು. ಇಷ್ಟರ ನಡುವೆ ವರ್ಷಗಳು ಹೋದವು, ಮಕ್ಕಳಾಗಲಿಲ್ಲ.

ಕುಬೇರಪ್ಪ ಕೆಟ್ಟವನೆಂದು ಆಗ ಯಾರೂ ಹೇಳುವಂತಿರಲಿಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಅವನಿಗಿದ್ದ ಹುಚ್ಚು ಒಂದೇ, ಅಂಟು. ಹುಬ್ಬಳ್ಳಿಯಿಂದ ತರಿಸುವ ಸಿದ್ಧ ದ್ರಾವಣ ಗಂಗಾವತಿಯ ಸೆಕೆಗೆ ತಲುಪುವಷ್ಟರಲ್ಲೇ ಕೊಳೆತು ನಾರುತ್ತಿತ್ತು. ತನ್ನದೇ ಅಂಟು ತಾನೇ ಮಾಡಿಕೊಳ್ಳುತ್ತೇನೆ ಎಂದು ಹಟ ಹಿಡಿದ. ಬೇಸಿಗೆಯಲ್ಲಿ ಜಾಲಿ ಮರದ ಅಂಟು ಬಿಡಿಸಿ ಮಾರಲು ಬರುವ ಹೆಂಗಸರಿಂದ ಬುಟ್ಟಿಗಟ್ಟಲೆ ಕೊಂಡ. ನೆನೆಹಾಕಿದ, ಸೋಸಿದ, ಮೂಳೆ ಬೇಯಿಸಿ ಮಾಡಿದ ಸರೇಸು ಬೆರೆಸಿದ, ಕೋಳಿಮೊಟ್ಟೆಯ ಬಿಳಿ ಬೆರೆಸಿದ. ಒಂದು ಸಲ ಅಂಟು ಬಿರುಕು ಬಿಟ್ಟು ಹಪ್ಪಳದಂತೆ ಎದ್ದುಬಂತು. ಇನ್ನೊಂದು ಸಲ ಬಿಸಿಲಿಗೆ ಹಿಡಿದರೂ ಹಿಡಿಯದಿದ್ದರೂ ಒಂದೇ ಆಯಿತು. ಗಂಡ ಹೆಂಡತಿ ಇಬ್ಬರೂ ಕೂತು ಬಗ್ಗಿ ನೋಡುತ್ತಿದ್ದರು. ಒಂದು ದಿನ ಮಧ್ಯಾಹ್ನ, ಬರೀ ಜಾಲಿ ಅಂಟಿನಲ್ಲೇ, ಆನೆಯ ಸೊಂಡಿಲಿನ ಗೆರೆಗಳು ಒಂದೂ ಬಿಡದೆ ಮೂಡಿದಾಗ ಕುಬೇರಪ್ಪ ಚೌಕಟ್ಟನ್ನು ತಲೆಯ ಮೇಲೆ ಹೊತ್ತು ಅಂಗಳದಲ್ಲಿ ಕುಣಿದುಬಿಟ್ಟ. ಅವನು ಹಾಗೆ ನಕ್ಕಿದ್ದನ್ನು ಹುಲಗಮ್ಮ ಮತ್ತೆ ನೋಡಲಿಲ್ಲ.

ಅಂಟು ಬಿಸಿಲಿನ ಮಾತು ಕೇಳಿತು, ಆದರೆ ಮಳೆಗಾಲದ ಮಾತು ಬೇರೆ. ಆಷಾಢ ಬಂದರೆ ಡಬ್ಬಿಯ ಮೇಲೆ ಹಸಿರು ಬೂಷ್ಟು, ಒಳಗೆ ಹುಳ, ಕೋಣೆ ತುಂಬ ಸತ್ತ ಇಲಿಯ ವಾಸನೆ. ಬೇವಿನೆಣ್ಣೆ ಹಾಕಿದ, ಬೂಷ್ಟು ನಕ್ಕಿತು. ಅರಿಷಿಣ ಹಾಕಿದ, ಬೂಷ್ಟು ಹಳದಿಯಾಯಿತು. ಕರ್ಪೂರ ಹಾಕಿದರೆ ಅಚ್ಚಿನಲ್ಲಿ ಸೂಜಿ ಚುಚ್ಚಿದಂತೆ ತೂತು. ಕಡೆಗೆ ಒಂದು ಸಲ ಬಣ್ಣ ತರಲು ಹುಬ್ಬಳ್ಳಿಗೆ ಹೋದವನು ಬನಿಯನ್ನಿನ ಒಳಜೇಬಿನಲ್ಲಿ ಸಣ್ಣ ಪೊಟ್ಟಣ ಇಟ್ಟುಕೊಂಡು ಬಂದ. ಬಾಗಿಲು ಹಾಕಿಕೊಂಡು ಅಂಟಿಗೆ ಬೆರೆಸಿದ. ತಟ್ಟೆಗೆ ಸುರಿದು ಒಣಗಿಸಿ, ಚೂರು ಮಾಡಿ, ಡಾಲ್ಡಾ ಡಬ್ಬಿಗಳಿಗೆ ತುಂಬಿಟ್ಟ. ಬೇಕಾದಾಗ ನೆನೆಹಾಕಿಕೊಂಡರೆ ಆಯಿತು. ಆ ಮಳೆಗಾಲ ಕಳೆಯಿತು. ಒಂದು ಇರುವೆ ಸಹ ಡಬ್ಬಿಯ ಕಡೆ ಸುಳಿಯಲಿಲ್ಲ.

“ಏನ್ ಹಾಕಿದ್ರಿ ಅದಕ್ಕ?” ಎಂದು ಹುಲಗಮ್ಮ ಕೇಳಿದಳು.

“ಅದ ಅರಿಷಿಣ, ಬೇವಿನೆಣ್ಣಿ. ಹದಾ ಗೊತ್ತಿರಬೇಕು ಅಷ್ಟ. ಇನ್ನ ಇದಕ್ಕ ಹುಳಾ ಬೀಳಂಗಿಲ್ಲ ನೋಡು. ಯಾರ ಮುಂದೂ ಬಾಯಿ ಬಿಡಬ್ಯಾಡ. ಬಸ್‌ಸ್ಟ್ಯಾಂಡಿನ ರಾಜಾಸಾಬಗ ಸುಳಿವು ಸಿಕ್ರ ನಾಳೆ ಗಿರಣಿಯವರೆಲ್ಲ ಅವನ ಮನಿ ಮುಂದ ನಿಲ್ತಾರ.”

ರಾಜಾಸಾಬ ಊರಿನ ಇನ್ನೊಬ್ಬ ಅಚ್ಚಿನವನು. ಅವನ ಹೆಸರು ಹೇಳಿದರೆ ಕುಬೇರಪ್ಪನ ಹುಬ್ಬು ಗಂಟಿಕ್ಕುತ್ತಿತ್ತು. ಹುಲಗಮ್ಮ ಗಂಡನ ಮಾತನ್ನು ಪೂರಾ ನಂಬಿದಳು. ಯಾಕೆ ನಂಬಬಾರದು? ಗುಟ್ಟು ರಾಜಾಸಾಬನಿಂದ ಮುಚ್ಚಿಡಬೇಕು, ಹೆಂಡತಿಯಿಂದ ಮುಚ್ಚಿಡುವುದು ಏನಿರುತ್ತದೆ ಎಂದು ಅವಳ ಲೆಕ್ಕ. ಹೆಂಡತಿಗೆ ಹೇಳಿದ್ದು ಬಾವಿಕಟ್ಟೆಗೆ ಹೋಗುತ್ತದೆ, ಬಾವಿಕಟ್ಟೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗುತ್ತದೆ ಎನ್ನುವುದು ಅವನ ಲೆಕ್ಕ. ಹನ್ನೆರಡು ವರ್ಷ ತನ್ನ ಜೊತೆ ಬಿಸಿಲಲ್ಲಿ ಬೆಂದವಳ ಬಾಯಿಯನ್ನು ಅವನು ಅಷ್ಟೇ ತಿಳಿದಿದ್ದ.

ತಾವರಗೇರಾದ ಮನೆಯಲ್ಲಿ ಅತ್ತೆ ಯಂಕವ್ವ, ಮೈದುನ ಲಕ್ಷ್ಮಣಪ್ಪ, ಅವನ ಹೆಂಡತಿ ದುರುಗವ್ವ ಇದ್ದರು. ದುರುಗವ್ವನಿಗೆ ತಾಯಿ ಇಲ್ಲ, ತಂದೆ ಇನ್ನೊಂದು ಮದುವೆಯಾಗಿ ದೂರವಾದವನು. ತವರು ಎನ್ನುವುದು ಹೆಸರಿಗೂ ಇರದ ಆ ಹುಡುಗಿ ಹುಲಗಮ್ಮನನ್ನೇ ತವರು ಮಾಡಿಕೊಂಡಿದ್ದಳು. ಹಬ್ಬಕ್ಕೆ ಊರಿಗೆ ಹೋದರೆ ಅವಳ ಹುಣ್ಣಾದ ಕೈ ಹಿಡಿದುಕೊಂಡು ಕೂರುತ್ತಿದ್ದಳು. “ಅಕ್ಕಾ, ನನ್ನ ಬಾಣಂತನ ನೀನ ಮಾಡಬೇಕು ನೋಡು. ಅತ್ತಿ ಕೈಲಿ ಆಗಂಗಿಲ್ಲ” ಎಂದು ಎಂಬತ್ತಮೂರರ ಯುಗಾದಿಗೆ ಹೋದಾಗ ಹೇಳಿದಳು. ಹುಲಗಮ್ಮ ಮಾತು ಕೊಟ್ಟಳು. ಮಗು ತನ್ನದೇ ಹೊಟ್ಟೆಯಲ್ಲಿದ್ದಷ್ಟು ಅವಳಿಗೆ ಸಂಭ್ರಮ.

ಶ್ರಾವಣದಲ್ಲಿ ಗಂಡು ಹುಟ್ಟಿದ ಸುದ್ದಿ ಬಂತು. ಕುಬೇರಪ್ಪ ಸಿಂಧನೂರಿನ ಗಿರಣಿಗಳಿಗೆ ಹೋಗಿದ್ದ. ಹುಲಗಮ್ಮ ಒಬ್ಬಳೇ ಕೂತು ಬಾಣಂತಿಗೆ ಅಂಟಿನ ಉಂಡೆ ಕಟ್ಟಲು ಎಲ್ಲ ಹೊಂದಿಸಿದಳು: ಒಣಕೊಬ್ಬರಿ, ಉತ್ತತ್ತಿ, ಅಳವಿ, ಕಸಕಸಿ, ಬೆಲ್ಲ, ತುಪ್ಪ. ಬೇಸಿಗೆಯಲ್ಲಿ ಅಡುಗೆಗೆಂದು ಗಡಿಗೆಯಲ್ಲಿ ತೆಗೆದಿಟ್ಟಿದ್ದ ಜಾಲಿ ಅಂಟನ್ನು ನೋಡಿದರೆ ತುಂಬ ಹುಳ. ಬೂಷ್ಟು ಹಿಡಿದು ಮುದ್ದೆಯಾಗಿತ್ತು. ಮಳೆಯಲ್ಲಿ ಅಂಟು ಮಾರುವವರು ಬರುವುದಿಲ್ಲ. ಅಂಗಡಿಯದು ಮರಳು ಬೆರೆತದ್ದು.

ಪ್ರೆಸ್ಸಿನ ಕೋಣೆಯ ಡಬ್ಬಿ ತೆಗೆದಳು. ಒಳಗಿನ ಚೂರುಗಳು ಜೇನು ಬಣ್ಣದಲ್ಲಿ ಹೊಳೆಯುತ್ತಿದ್ದವು, ಒಂದು ಕಸವಿಲ್ಲ, ಒಂದು ಹುಳವಿಲ್ಲ. ಕಿತ್ತಳೆ ಉಪ್ಪು ಕೆಟ್ಟದ್ದೆಂದು ಅವಳಿಗೆ ಗೊತ್ತಿತ್ತು. ಅದನ್ನು ಅಚ್ಚು ಹಾಕುವ ದಿನವಷ್ಟೇ ಬೆರೆಸುವುದು, ಆ ಡಬ್ಬಿಯೇ ಬೇರೆ. ಇದರಲ್ಲಿರುವುದು ಅರಿಷಿಣ, ಬೇವು. ಬಾಣಂತಿಗೆ ಅರಿಷಿಣ ಕುಡಿಸುತ್ತೇವೆ, ಬೇವಿನ ನೀರು ಎರೆಯುತ್ತೇವೆ, ಇದು ಒಳ್ಳೆಯದೇ ಆಯಿತಲ್ಲ ಎಂದುಕೊಂಡಳು. ತುಪ್ಪದಲ್ಲಿ ಹುರಿದಾಗ ಅಂಟು ಎಂದಿನಂತೆ ಅರಳಲಿಲ್ಲ. ತುಪ್ಪ ಕಾದಿರಲಿಕ್ಕಿಲ್ಲ ಎಂದು ಉರಿ ಹೆಚ್ಚಿಸಿದಳು. ರುಚಿ ನೋಡಲಿಲ್ಲ. ಮಕ್ಕಳಿಲ್ಲದವಳು ಬಾಣಂತಿಯ ತಿನಿಸಿಗೆ ಬಾಯಿ ಹಚ್ಚಬಾರದು ಎಂದು ಯಂಕವ್ವ ಮೊದಲೇ ತಾಕೀತು ಮಾಡಿದ್ದಳು. ಆ ಮಾತು ಎದೆಗೆ ಚುಚ್ಚಿದರೂ ಹುಲಗಮ್ಮ ಪಾಲಿಸಿದಳು. ಅದನ್ನು ಮೀರಿದ್ದರೆ ಒಂದು ಚೂರಿಗೇ ನಾಲಿಗೆ ಹೇಳಿಬಿಡುತ್ತಿತ್ತು. ಈ ದರಿದ್ರ ಕಟ್ಟುಪಾಡು ಯಾರ ತಲೆಯಲ್ಲಿ ಹುಟ್ಟಿತೋ.

ಉಂಡೆ ತುಂಬಿದ ಡಬ್ಬಿ ಹೊತ್ತು ಬಸ್ಸು ಹತ್ತಿ ತಾವರಗೇರಾಕ್ಕೆ ಹೋದಳು. ದುರುಗವ್ವ ಮೊದಲ ಉಂಡೆ ತಿಂದು ಮುಖ ಕಿವುಚಿದಳು.

“ಕಬ್ಬಣ ನೆಕ್ಕಿದಂಗ ಆಗತೈತಿ ಅಕ್ಕಾ.”

“ಅರಿಷಿಣ, ಬೇವು ಐತಿ ಅದ್ರಾಗ. ಔಷಧ ಅಂತ ತಿನ್ನು ನನ್ನವ್ವ” ಎಂದು ಹುಲಗಮ್ಮ ರಮಿಸಿದಳು.

ದುರುಗವ್ವ ತಿಂದಳು. ಅಕ್ಕ ಮಾಡಿ ತಂದದ್ದಲ್ಲವೇ? ಎರಡು ಮೂರು ದಿನದಲ್ಲಿ ವಸಡು ಬಾತಿತು, ಬಾಯಿ ತುಂಬ ಜೊಲ್ಲು, ಹೊಟ್ಟೆ ನುಲಿತ. ಆಮೇಲೆ ರಕ್ತ ಬೀಳತೊಡಗಿತು. ಹಸಿ ಮೈ, ನೆಗಡಿ ಗಾಳಿ ಹೊಕ್ಕಿದೆ, ಶಕ್ತಿ ಬೇಕು ಎಂದು ಯಂಕವ್ವ ಎರಡು ಹೊತ್ತೂ ಉಂಡೆ ತಿನ್ನಿಸಿದಳು. ನುಂಗಲಾಗದಿದ್ದಾಗ ಹುಲಗಮ್ಮ ಹಾಲಿನಲ್ಲಿ ಕಿವುಚಿ ಚಮಚದಲ್ಲಿ ಕುಡಿಸಿದಳು. ಹೌದು, ತನ್ನ ಕೈಯಾರೆ. ಆ ಚಮಚದ ನೆನಪು ಅವಳನ್ನು ಬದುಕಿರುವವರೆಗೂ ತಿಂದಿತು.

ಮುಖ ಬಾತು, ಮೂತ್ರ ಕಟ್ಟಿದ ಮೇಲೆ ಲಕ್ಷ್ಮಣಪ್ಪ ಜೀಪು ಮಾಡಿ, ಹುಲಗಮ್ಮನನ್ನೂ ಕೂರಿಸಿಕೊಂಡು, ಗಂಗಾವತಿಯ ಒಬ್ಬ ಡಾಕ್ಟರ ಬಳಿ ಕರೆತಂದ. ಸುದ್ದಿ ಕೇಳಿ ಸಿಂಧನೂರಿನಿಂದ ಕುಬೇರಪ್ಪನೂ ಬಂದ. ಡಾಕ್ಟರು ಬಾಯಿ ತೆರೆದು ನೋಡಿ, ಹೊಟ್ಟೆ ಒತ್ತಿ ನೋಡಿ, ಹೊರಗೆ ಬಂದು ಮೂವರನ್ನೂ ನಿಲ್ಲಿಸಿ ಕೇಳಿದರು.

“ಪಾದರಸದ ಮದ್ದು, ರಸಕರ್ಪೂರ, ಅಂಥಾದ್ದು ಏನಾದ್ರೂ ನಾಟಿ ಔಷಧ ಕೊಟ್ಟೀರೇನು? ಮುಚ್ಚಿಡಬ್ಯಾಡ್ರಿ. ಅದ ಖರೆ ಅಂತ ಗೊತ್ತಾದ್ರ ಅದಕ್ಕ ಬ್ಯಾರೆ ಇಂಜೆಕ್ಷನ್ ಐತಿ, ಹುಬ್ಬಳ್ಳಿಯಿಂದ ತರಿಸ್ತೀನಿ.”

“ಏನಿಲ್ರಿ ಸಾಹೇಬ್ರ. ಬರೇ ಮನಿ ಊಟ, ಮತ್ತ ನಮ್ಮ ಅತ್ತಿಗಿ ಮಾಡಿದ ಅಂಟಿನ ಉಂಡಿ” ಎಂದ ಲಕ್ಷ್ಮಣಪ್ಪ.

“ಅಂಟು ಎಲ್ಲಿದು?”

“ಪ್ರೆಸ್ಸಿಂದು ಛಲೋ ಅಂಟಿತ್ರಿ, ಅದ” ಎಂದಳು ಹುಲಗಮ್ಮ.

ಕುಬೇರಪ್ಪನ ಮುಖದ ಬಣ್ಣ ಇಳಿದುಹೋಯಿತು. ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ. “ಏನೂ ಕೆಟ್ಟದ್ದಿಲ್ರಿ ಅದ್ರಾಗ. ಜಾಲಿ ಅಂಟು, ಅರಿಷಿಣ” ಎಂದ. ಬಸ್ಸಿನ ಆಯಾಸ ಇರಬೇಕು ಎಂದು ಹುಲಗಮ್ಮ ಅವನಿಗೆ ನೀರು ತಂದುಕೊಟ್ಟಳು. ಡಾಕ್ಟರು ತಲೆಯಾಡಿಸಿ ಒಳಗೆ ಹೋದರು, ತಮಗೆ ತಿಳಿದಷ್ಟು ಮಾಡಿದರು. ಎರಡನೆಯ ದಿನ ದುರುಗವ್ವ ತೀರಿಕೊಂಡಳು.

ಕೂಸು ಆಡಿನ ಹಾಲಿಗೆ ಬದುಕಿತು. ಮಣ್ಣು ಮಾಡಿ ಬಂದ ಮೇಲೆ ಯಂಕವ್ವ ಬಾಣಂತಿಯ ಹಾಸಿಗೆ, ಉಳಿದ ಉಂಡೆ ಎಲ್ಲ ತಿಪ್ಪೆಗೆ ಹಾಕಿಸಿದಳು. ಸಂಜೆಯೊಳಗೆ ಮನೆಯ ಕೋಳಿಗಳು ತಿಪ್ಪೆಯ ಸುತ್ತ ಕಾಲು ಚಾಚಿ ಬಿದ್ದಿದ್ದವು. ಲಕ್ಷ್ಮಣಪ್ಪನಿಗೆ ಡಾಕ್ಟರು ಕೇಳಿದ ಮಾತು ನೆನಪಿಗೆ ಬಂತು. ಅವನು ಅತ್ತಿಗೆಯ ಕಡೆ ತಿರುಗಿ ನೋಡಿದ.

ಮರುದಿನ ಬೆಳಿಗ್ಗೆ ಹೊಲದ ಬಾವಿಗೆ ಸ್ನಾನಕ್ಕೆ ಹೋಗಿದ್ದ ಗಂಡನನ್ನು ಹುಲಗಮ್ಮ ಅಲ್ಲೇ ಹಿಡಿದಳು.

“ಏನ್ ಹಾಕಿದ್ರಿ ಅಂಟಿಗೆ? ದೇವರಾಣಿ ಮಾಡಿ ಹೇಳ್ರಿ.”

ಅವನು ಬಾವಿಯ ನೀರಿನ ಕಡೆ ಮುಖ ತಿರುಗಿಸಿದ. ಆಮೇಲೆ ಅಂದ: “ರಸಕರ್ಪೂರ.”

“ಅಂದ್ರ ಡಾಕ್ಟರ್ ಕೇಳಿದಾಗನ ನಿಮಗ ಗೊತ್ತಾಗಿತ್ತು.”

ಅವನು ಒದ್ದೆ ಧೋತರ ಹಿಂಡತೊಡಗಿದ.

“ಇಂಜೆಕ್ಷನ್ ತರಿಸ್ತೀನಿ ಅಂದಿದ್ರಲ್ರಿ ಅವರು! ಆಕಿ ಜೀವಾ ಇತ್ತಲ್ರಿ ಆವಾಗ!”

“ಹೇಳಿದ್ರ ಪೊಲೀಸರು ಬರ್ತಿದ್ರು. ಪ್ರೆಸ್ಸು ಹೋಗ್ತಿತ್ತು. ಇಷ್ಟ ವರ್ಷ ಕಟ್ಟಿದ್ದು, ಹುಲಗಿ... ನೀ ಯಾಕ ಆ ಡಬ್ಬಿಗೆ ಕೈ ಹಾಕಿದಿ?”

ಕಡೆಗೂ ಅವನಿಗೆ ಕೇಳಲು ಒಂದು ಪ್ರಶ್ನೆ ಸಿಕ್ಕಿತು, ಅದೂ ಅವಳಿಗೆ. ಹುಲಗಮ್ಮ ಅಳಲಿಲ್ಲ. ಅವಳ ಸಿಟ್ಟು ಅಳುವಿಗಿಂತ ದೊಡ್ಡದಾಗಿತ್ತು. ಅದೇ ದಿನ ಬಸ್ಸು ಹತ್ತಿ ಗಂಗಾವತಿಗೆ ಹೋಗಿ, ಡಬ್ಬಿಯಿಂದ ಅಂಟಿನ ಒಂದು ಚೂರನ್ನು ಸೆರಗಿಗೆ ಕಟ್ಟಿಕೊಂಡು ಹಿಂದಿರುಗಿದಳು.

ದಿನಕರ್ಮ ಮುಗಿದ ಮೇಲೆ ಪಡಸಾಲೆಯಲ್ಲಿ ಹಿರಿಯರು ಕೂತರು. ನಡುವೆ ಕುಬೇರಪ್ಪನ ಚಿಕ್ಕಪ್ಪ ವಿರುಪಣ್ಣ, ಸುತ್ತ ಓಣಿಯ ನಾಲ್ಕು ಮಂದಿ. ಪೊಲೀಸರ ತನಕ ಹೋದರೆ ಮನೆತನದ ಮಾನ ಹೋಗುತ್ತದೆ, ಇಲ್ಲೇ ಮುಗಿಸೋಣ ಎಂದು ಮೊದಲೇ ಮಾತಾಗಿತ್ತು. ಯಂಕವ್ವ ಮೊದಲು ಬಾಯಿ ತೆಗೆದಳು. ಸೊಸೆಯ ಹೊಟ್ಟೆ ಬರಿದು, ನೆಗೆಣ್ಣಿಯ ಮಡಿಲು ತುಂಬಿದ್ದು ಅವಳಿಂದ ನೋಡಲಾಗಲಿಲ್ಲ, ಅಷ್ಟೊಂದು ಉಂಡೆ ಕಟ್ಟಿದವಳು ತಾನು ಒಂದನ್ನೂ ಮುಟ್ಟಲಿಲ್ಲ ನೋಡಿ ಎಂದಳು. ಮುಟ್ಟಬೇಡ ಎಂದವಳು ತಾನೇ ಎನ್ನುವುದನ್ನು ಹೇಳಲಿಲ್ಲ.

“ಅಂಟಿಗೆ ಏನ್ ಹಾಕ್ತೀಯಪ್ಪಾ ಕುಬೇರಾ?” ಎಂದು ವಿರುಪಣ್ಣ ಕೇಳಿದ.

“ಅರಿಷಿಣ, ಬೇವಿನೆಣ್ಣಿ. ಮತ್ತೇನಿಲ್ಲ ಕಾಕಾ.”

ಹುಲಗಮ್ಮ ಕಂಬ ಬಿಟ್ಟು ಮುಂದೆ ಬಂದಳು. “ಸುಳ್ಳ್ರಿ ಮಾವ. ರಸಕರ್ಪೂರ ಹಾಕ್ಯಾರ. ಬಾವಿ ಹತ್ರ ನನ್ನ ಮುಂದ ಒಪ್ಪಿಕೊಂಡಾರ.”

“ದುಃಖದಾಗ ಏನೇನರ ಮಾತಾಡಾಕತ್ತಾಳ ಕಾಕಾ” ಎಂದ ಕುಬೇರಪ್ಪ, ನೆಲ ನೋಡುತ್ತ.

ಹುಲಗಮ್ಮ ಸೆರಗಿನ ಗಂಟು ಬಿಚ್ಚಿ, ಆ ಚೂರನ್ನು ಅವನ ಮುಂದೆ ಇಟ್ಟಳು.

“ಹಂಗಾರ ತಿನ್ರಿ. ನಿಮ್ಮ ಅಂಟು, ನಿಮ್ಮ ಅರಿಷಿಣ. ಹತ್ತು ಮಂದಿ ಮುಂದ ತಿಂದು ತೋರಸ್ರಿ.”

ಅವನು ತಿನ್ನಲಾರ, ತಿನ್ನಲಾರದೆ ನಿಜ ಬಾಯಿಬಿಡುತ್ತಾನೆ ಎಂದು ಹುಲಗಮ್ಮ ನಂಬಿದ್ದಳು. ಕುಬೇರಪ್ಪ ಚೂರನ್ನು ಎತ್ತಿಕೊಂಡ. ಒಮ್ಮೆ ಎಲ್ಲರ ಮುಖ ನೋಡಿದ. ನೋಡಿ, ಬಾಯಿಗೆ ಹಾಕಿಕೊಂಡ.

ಸಾಯಲು ತಯಾರಾದನೇ ಹೊರತು ಹೇಳಲು ತಯಾರಾಗಲಿಲ್ಲ. ಅಷ್ಟು ದೊಡ್ಡದಿತ್ತು ಅವನ ಮಾನ. ಆದರೆ ಹುಲಗಮ್ಮನ ಕೈ ಅವಳ ಮಾತು ಕೇಳಲಿಲ್ಲ. ದುರುಗವ್ವನ ಬಾತ ಮುಖ ಕಣ್ಣ ಮುಂದೆ ಬಂದು, ಅವಳು ಚೀರಿಕೊಂಡು ಗಂಡನ ಮೇಲೆ ಬಿದ್ದಳು. ದವಡೆ ಒತ್ತಿ ಹಿಡಿದು, ಹುಣ್ಣಾದ ಬೆರಳುಗಳನ್ನು ಬಾಯೊಳಗೆ ತುರುಕಿ, ಚೂರನ್ನು ಕಿತ್ತು ಅಂಗಳಕ್ಕೆ ಎಸೆದಳು.

“ನೋಡಿದ್ರಿ? ನೋಡಿದ್ರಿ?” ಯಂಕವ್ವ ಎದ್ದು ನಿಂತಿದ್ದಳು. “ಗಂಡಗೂ ಹಾಕಾಕ ಸೆರಗಿನ್ಯಾಗ ಕಟ್ಟಿಕೊಂಡು ಬಂದಾಳ. ವಿಷ ಐತಂತ ಆಕಿಗೆ ಗೊತ್ತಿರಲಿಲ್ಲಂದ್ರ ಯಾಕ ಕಿತ್ತುಕೊಂಡ್ಲು?”

ಅಲ್ಲಿಗೆ ಮುಗಿಯಿತು. ಅವನನ್ನು ಸಾಯಲು ಬಿಟ್ಟಿದ್ದರೆ ಅವಳ ಮಾತು ನಿಜವಾಗುತ್ತಿತ್ತು; ಬದುಕಿಸಿದ್ದಕ್ಕೆ ಕೊಲೆಗಾತಿಯಾದಳು. ಕುಬೇರಪ್ಪ ಎದ್ದು ಹಂಡೆಯ ಬಳಿ ಹೋಗಿ ಬಾಯಿ ಮುಕ್ಕಳಿಸಿದ. ಮತ್ತೆ ಮತ್ತೆ ಮುಕ್ಕಳಿಸಿದ. ಚೊಕ್ಕಟವಾಗಿ ತೊಳೆದ ಆ ಬಾಯಿಂದ ಹೆಂಡತಿಯ ಪರವಾಗಿ ಒಂದು ಅಕ್ಷರ ಹೊರಬೀಳಲಿಲ್ಲ. ಸಂಜೆಗೆ ಅವಳನ್ನು ಹನುಮಸಾಗರದ ಬಸ್ಸಿಗೆ ಹತ್ತಿಸಿದರು. ಕೂಸನ್ನು ಒಂದು ಸಲ ನೋಡಿ ಹೋಗುತ್ತೇನೆ ಎಂದಳು, ಬಾಗಿಲು ತೆಗೆಯಲಿಲ್ಲ.

ಹನುಮಸಾಗರದಲ್ಲಿ ತಮ್ಮನ ಮನೆಯ ಹಿತ್ತಲಿನ ಗುಡಿಸಲಿನಲ್ಲಿ ಉಳಿದಳು. ಕಳೆ ತೆಗೆಯಲು ಕರೆದವರ ಹೊಲಕ್ಕೆ ಹೋಗುತ್ತಿದ್ದಳು. ಸುದ್ದಿ ಅಲ್ಲಿಗೂ ಬಂದಿತ್ತು. ಬುತ್ತಿ ಬಿಚ್ಚುವ ಹೊತ್ತಿಗೆ ಉಳಿದ ಹೆಂಗಸರು ಅವಳಿಂದ ದೂರ ಸರಿದು ಕೂರುತ್ತಿದ್ದರು. ಅವಳು ಕೊಟ್ಟ ಉಪ್ಪಿನಕಾಯಿ ಯಾರೂ ಮುಟ್ಟುತ್ತಿರಲಿಲ್ಲ.

ಹೀಗೆ ಮೂರು ವರ್ಷ ಕಳೆದ ಮೇಲೆ ಒಂದು ದಿನ ಹನುಮಸಾಗರದ ಬಸ್‌ಸ್ಟ್ಯಾಂಡಿನಲ್ಲಿ ರಾಜಾಸಾಬ ಎದುರಾದ. ಗೊಬ್ಬರದಂಗಡಿಯೊಂದಕ್ಕೆ ಅಚ್ಚು ಹಾಕಿದ ಚೀಲಗಳನ್ನು ಕೊಡಲು ಬಂದಿದ್ದ. ಅವನೇ ಗುರುತು ಹಿಡಿದು ಮಾತನಾಡಿಸಿದ. ಮೂರು ವರ್ಷದಲ್ಲಿ ಅವಳನ್ನು “ಆರಾಮ ಅದೀರೇನ್ರಿ ಅಕ್ಕಾ” ಎಂದು ಕೇಳಿದವನು ಅವನೊಬ್ಬನೇ. ಹುಲಗಮ್ಮ ಅಲ್ಲೇ ಬೇವಿನ ಕಟ್ಟೆಯ ಮೇಲೆ ಕುಸಿದು, ಒಂದೂ ಬಿಡದೆ ಎಲ್ಲ ಹೇಳಿದಳು. ಗುಟ್ಟಿನ ಔಷಧದ ಹೆಸರು ಹೇಳುವಾಗ ಮಾತ್ರ ಹಳೆಯ ಅಭ್ಯಾಸದಿಂದ ದನಿ ತಗ್ಗಿಸಿದಳು.

ರಾಜಾಸಾಬ ಕಣ್ಣರಳಿಸಿದ. “ಅದ್ರಾಗ ಗುಟ್ಟೇನೈತ್ರಿ? ಹುಬ್ಬಳ್ಳಿ ಬಣ್ಣದಂಗಡಿಯವ ಅಂಟು ಕೆಡತೈತಿ ಅಂದವರಿಗೆಲ್ಲ ಅದನ್ನ ಕೊಡ್ತಾನ. ನಮ್ಮನ್ಯಾಗೂ ಅದನ ಹಾಕ್ತೀವಿ. ವಿಷ ಐತಿ, ಮನ್ಯಾಗ ಹೆಂಗಸರಿಗೆ ಮ್ಯಾಲ ಮ್ಯಾಲ ಹೇಳಿಡ್ರಿ ಅಂತ ಕೊಡೋ ಮುಂದ ತಾಕೀತು ಮಾಡ್ತಾನ. ನಮ್ಮ ಮನ್ಯಾಕಿ ಅಬೇದಾಬಿ ಆ ಡಬ್ಬಿಗೆ ಕೆಂಪು ಅರಿವಿ ಕಟ್ಟಿಟ್ಟಾಳ.”

ಅಚ್ಚಿನವರಿಗೆಲ್ಲ ಗೊತ್ತಿದ್ದ ಸಂಗತಿ, ಹುಲಗಮ್ಮನೊಬ್ಬಳಿಗೆ ಗುಟ್ಟು.

“ನಡ್ರಿ ಅಕ್ಕಾ, ತಾವರಗೇರಾಕ್ಕ ಈಗನ ಹೋಗೂಣು. ನಾ ಹೇಳ್ತೀನಿ ಹಿರಿಯರ ಮುಂದ” ಎಂದು ರಾಜಾಸಾಬ ಎದ್ದ. ಆಮೇಲೆ ಹಿಂಜರಿಯುತ್ತ ಸೇರಿಸಿದ: “ನಿಮಗ ಗೊತ್ತೈತೋ ಇಲ್ಲೋ, ಕುಬೇರಪ್ಪ ಇನ್ನೊಂದು ಮದಿವಿ ಆಗ್ಯಾನ. ಹುಡಿಗಿ ಸಣ್ಣಾಕಿ. ಈಗ ಬಸುರಿ.”

ಮೂರು ವರ್ಷ ಅವಳು ಹಗಲೂ ರಾತ್ರಿ ಹಂಬಲಿಸಿದ್ದು ಇದೇ ದಿನಕ್ಕೆ. ತನ್ನ ಪರವಾಗಿ ಮಾತನಾಡುವ ಒಂದು ಜೀವ ಕಣ್ಣೆದುರು ನಿಂತಿತ್ತು. ತಾವರಗೇರಾ ಎಂದ ಕೂಡಲೇ ಅವಳ ಕಾಲು ತಾನಾಗಿ ಎದ್ದಿತ್ತು ಸಹ. ಆದರೆ ಬಸುರಿ ಎಂದದ್ದು ಕಿವಿಗೆ ಬಿದ್ದ ಮೇಲೆ ಅವಳಿಂದ ಹೆಜ್ಜೆ ಎತ್ತಿಡಲಾಗಲಿಲ್ಲ.

“ಆಕಿಗರ ಹೇಳ್ಯಾರೇನು, ಡಬ್ಬಿದಾಗ ಏನೈತಂತ?”

“ನನಗ ಹ್ಯಾಂಗ ಗೊತ್ತಾಗಬೇಕ್ರಿ?”

“ಮೊದಲ ಗಂಗಾವತಿಗೆ ಹೋಗ್ರಿ. ಆ ಹುಡಿಗಿ ಮುಂದ ನಿಂತು ಹೇಳ್ರಿ. ನನ್ನ ಮಾತು ಆಮ್ಯಾಲ.”

ರಾಜಾಸಾಬ ಹೋದ. ಹುಡುಗಿಗೆ ಹೇಳಿದ. ಕುಬೇರಪ್ಪ ಪ್ರೆಸ್ಸಿನ ಬಾಗಿಲಲ್ಲೇ ಅವನ ಕೊರಳಪಟ್ಟಿ ಹಿಡಿದ, ಬೀದಿ ಸೇರಿತು, ಮಾತು ಊರೆಲ್ಲ ಹರಡಿತು. ಹದಿನೈದು ದಿನ ಬಿಟ್ಟು ರಾಜಾಸಾಬ ತಾವರಗೇರಾಕ್ಕೆ ಹೋದಾಗ, ಜಗಳದ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ವಿರುಪಣ್ಣ ಎಲ್ಲ ಕೇಳಿ ನಕ್ಕ. ಇಬ್ಬರೂ ಒಂದೇ ಧಂದೆಯವರು, ಗಿರಾಕಿ ಕಿತ್ತುಕೊಳ್ಳಲು ಆಡುವ ಮಾತು ಎಂದ. ಚಹಾ ಕುಡಿಸಿ ಕಳಿಸಿದ.

ರಾಜಾಸಾಬ ಹನುಮಸಾಗರಕ್ಕೆ ಬಂದು ಅದನ್ನು ಹೇಳಿದಾಗ ಹುಲಗಮ್ಮ ಹೊಲದ ಬದುವಿನ ಮೇಲೆ ಕೂತಿದ್ದಳು.

“ಆ ಹುಡಿಗಿ ಏನ್ ಮಾಡಿದ್ಲು?”

“ಆ ದಿನಾನ ಡಬ್ಬಿ ಒಯ್ದು ತಗ್ಗು ತೋಡಿ ಮುಚ್ಚಿದ್ಲಂತ್ರಿ. ಅಡಗಿಗೆ ಅಂತ ಅದರಾಗಿಂದು ಮೊದಲ ಒಂದು ಬಟ್ಟಲಾ ತಗದಿಟ್ಟಿದ್ಲಂತ. ಅದನ್ನೂ ಮುಚ್ಚಿದ್ಲು.”

“ಆಕಿ ಉಳದ್ಲು” ಎಂದಳು ಹುಲಗಮ್ಮ. ಕಳೆ ತೆಗೆಯುವ ಕುರ್ಪಿಯಿಂದ ಮಣ್ಣು ಕೆದಕುತ್ತ, “ನಾ ಉಳೀಲಿಲ್ಲ ನೋಡ್ರಿ ರಾಜಾಸಾಬ” ಎಂದಳು.